ರತ್ನನ ಹೆಂಡ, ನಮ್ಮ ಸೀಸೆ

ನವೆಂಬರ್ ಬಂತೆಂದರೆ ದಿಲ್ಲಿಯ ಕನ್ನಡಿಗರು ಸೇರುವ ಯಾವುದಾದರೊಂದು ವೇದಿಕೆಯ ಮೇಲೆ ಜಿ. ಪಿ. ರಾಜರತ್ನಂ ಅವರ ‘ರತ್ನನ ಪದಗಳು’ ಕೇಳಿಬರಲೇಬೇಕು. ಹಾಡುವವರು ಬಹುಮಟ್ಟಿಗೆ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೇ ಹಿಡಿಯುತ್ತಾರೆ. ಅಷ್ಟಕ್ಕೆ ತೃಪ್ತಿಯಾಗದವರು ಕೈಯಲ್ಲೊಂದು ಖಾಲಿ ಸೀಸೆ ಹಿಡಿದು, ಅಂಗಿಯ ಗುಂಡಿ ಬಿಚ್ಚಿ, ತೂರಾಡುತ್ತ ಬರುತ್ತಾರೆ. ಸಭೆ ಗೊಳ್ಳೆಂದು ನಗುತ್ತದೆ. ಇಷ್ಟು ವರ್ಷ ನಾನೂ ನಕ್ಕವನೇ. ಈಚೆಗೆ ಮಾತ್ರ ನಗು ಬಾರದು. ಅದರ ಕಾರಣ ತಿಳಿಯಬೇಕಾದರೆ ಮೊದಲು ಒಂದು ಹಡಗಿನ ಕಥೆ ಕೇಳಬೇಕು.

ಹಿಂದೊಂದು ದಸರಾ ರಜೆಯಲ್ಲಿ ನಾವು ನಾಲ್ಕು ಕುಟುಂಬಗಳು, ನೋಯಿಡಾದ ಇಬ್ಬರು, ಫರೀದಾಬಾದಿನ ಒಬ್ಬರು, ಸರ್ಕಾರಿ ಕ್ವಾರ್ಟರ್ಸಿನ ನಾನು, ಮುಂಬಯಿಗೆ ಹೋಗಿ ಅಲ್ಲಿಂದ ಗೋವೆಯ ಕಡೆಗೆ ಮೂರು ರಾತ್ರಿಗಳ ಹಡಗು ವಿಹಾರ ಹೊರಟೆವು. ಹೊರಗಿನ ಮದ್ಯ ತರಕೂಡದೆಂದು ಟಿಕೆಟ್ಟಿನ ಷರತ್ತುಗಳಲ್ಲಿ ಬರೆದಿತ್ತು. ನಮ್ಮ ಮಿತ್ರರೊಬ್ಬರಿಗೆ ಅದು ಒಪ್ಪಿಗೆಯಾಗಲಿಲ್ಲ. “ಅಲ್ಲಿ ಎರಡು ಪೆಗ್ಗಿಗೆ ಕೊಡುವ ದುಡ್ಡಿಗೆ ಇಲ್ಲಿ ಅರ್ಧ ಸೀಸೆ ಬರುತ್ತೆ, ರಾಯರೇ” ಎಂದು, ದಶಮೂಲಾರಿಷ್ಟದ ಖಾಲಿ ಸೀಸೆಯೊಂದಕ್ಕೆ ವಿಸ್ಕಿ ತುಂಬಿಸಿಕೊಂಡರು. ಬಣ್ಣ ಸರಿಹೋಗುತ್ತದೆ, ಅರಿಷ್ಟವೆಂದರೆ ಹುದುಗು ಬಂದು ಆದದ್ದು, ಅದರಲ್ಲಿ ತಾನಾಗಿಯೇ ಒಂದಿಷ್ಟು ಆಲ್ಕೋಹಾಲ್ ಇರುವುದರಿಂದ ವಾಸನೆಗೂ ಒಂದು ನೆಪ ಸಿಗುತ್ತದೆ. ಈ ವಿವರಣೆ ಕೊಟ್ಟವನು ಬಿ.ಎಸ್‌ಸಿ. ಓದಿದ ನಾನೇ ಎಂಬುದನ್ನು ಮುಚ್ಚಿಡಲಾರೆ.

ಎಕ್ಸ್-ರೇ ಯಂತ್ರಕ್ಕೆ ಸೀಸೆಯ ಮೇಲಿನ ಚೀಟಿ ಓದಲು ಬರುವುದಿಲ್ಲ. ಕಾವಲಿನವನು ಚೀಲ ಬಿಚ್ಚಿಸಿ, ಮುಚ್ಚಳ ತೆಗೆದು ಮೂಸಿದ. “ಮನೆಯವರ ಮಂಡಿನೋವಿನ ಔಷಧಿ” ಎಂದರು ಮಿತ್ರರು. ಆ ತಾಯಿ ತಲೆ ತಗ್ಗಿಸಿದರು. ನಾನೂ ಪಕ್ಕದಲ್ಲಿ ನಿಂತು “ಹೌದು, ಔಷಧಿಯೇ” ಎಂದೆ. ಸೀಸೆ ಅಲ್ಲಿಯೇ ಉಳಿಯಿತು. ನಮ್ಮನ್ನು ಒಳಗೆ ಬಿಟ್ಟರು. ಮೆಟ್ಟಿಲು ಹತ್ತುವಾಗ ಅವರ ಹತ್ತು ವರ್ಷದ ಮಗ ಕೇಳಿದ: “ಪಾಪಾ, ಝೂಠ್ ಕ್ಯೋಂ ಬೋಲಾ?” ನಾವು ಯಾರೂ ಉತ್ತರ ಕೊಡಲಿಲ್ಲ.

ಹಡಗಿನವರ ನಿಯಮ ಧರ್ಮಬುದ್ಧಿಯಿಂದ ಹುಟ್ಟಿದ್ದೆಂದು ನಾನು ಹೇಳುವುದಿಲ್ಲ. ಅದು ಹೆಚ್ಚಾಗಿ ವ್ಯಾಪಾರ. ಅಮೆರಿಕದ ರಾಯಲ್ ಕೆರೀಬಿಯನ್, ಕಾರ್ನಿವಲ್‌ನಂಥ ದೊಡ್ಡ ಸಂಸ್ಥೆಗಳು ಹಡಗು ಹತ್ತುವ ದಿನ ವಯಸ್ಕರೊಬ್ಬರಿಗೆ 750 ಮಿಲಿಲೀಟರಿನ ಒಂದು ಸೀಸೆ ದ್ರಾಕ್ಷಾರಸವನ್ನು ಒಯ್ಯಲು ಬಿಡುತ್ತವೆ. ವಿಸ್ಕಿ, ರಮ್ಮುಗಳನ್ನು ಬಿಡುವುದಿಲ್ಲ. ನಡುವೆ ಬಂದರಿನಲ್ಲಿ ಕೊಂಡ ಸೀಸೆಯನ್ನು ಇಸಿದುಕೊಂಡು ಪ್ರಯಾಣದ ಕೊನೆಯಲ್ಲಿ ಹಿಂದಿರುಗಿಸುವುದೂ ವಾಡಿಕೆ. ಕುಡಿತ ಬೇಡವೆಂಬುದು ಇದರ ಅರ್ಥವಲ್ಲ. ನಮ್ಮಲ್ಲಿಯೇ ಕೊಂಡು ಕುಡಿಯಿರಿ ಎಂದು ಅರ್ಥ. ನಮ್ಮೂರಿನ ಕಾನೂನುಗಳೂ ಒಂದು ಬಗೆಯವಲ್ಲ. ದಿಲ್ಲಿಯಲ್ಲಿ ಕುಡಿಯಲು 25 ವರ್ಷವಾಗಿರಬೇಕು, ಯಮುನೆ ದಾಟಿ ನೋಯಿಡಾಕ್ಕೆ ಹೋದರೆ 21 ಸಾಕು. 2023ರ ಜೂನ್ ಕೊನೆಯಲ್ಲಿ ದಿಲ್ಲಿ ಮೆಟ್ರೋದವರು ಸೀಲು ಒಡೆಯದ ಎರಡು ಸೀಸೆಗಳನ್ನು ಒಯ್ಯಬಹುದೆಂದರು. ಆದರೆ ಅದೇ ರೈಲು ರಾಜ್ಯದ ಗಡಿ ದಾಟಿದರೆ ಅಬಕಾರಿಯ ಲೆಕ್ಕವೇ ಬೇರೆ. ಇವನ್ನು ಟೀಕಿಸಲು ನಮಗೆ ಹಕ್ಕಿದೆ. ದುಬಾರಿಯೆಂದು ಕುಡಿಯದೆ ಇರಬಹುದು, ಆ ಹಡಗನ್ನೇ ಬಿಡಬಹುದು. ಷರತ್ತಿಗೆ ಸಹಿ ಹಾಕಿ, ಹೆಂಡತಿಯ ಮಂಡಿಯನ್ನು ಸಾಕ್ಷಿಗೆ ಕರೆಯುವುದು ಟೀಕೆಯಲ್ಲ.

ಈಗ ರತ್ನನ ಬಳಿಗೆ ಬರೋಣ. ಅವನು ಕುಡುಕನೆಂಬುದು ಲೋಕಕ್ಕೇ ಗೊತ್ತು, ಅವನೇ ಸಾರಿ ಹೇಳುತ್ತಾನೆ. ಹೆಂಡವನ್ನು ಅವನು ಹೆಂಡವೆಂದೇ ಕರೆಯುತ್ತಾನೆ, ಔಷಧಿಯೆನ್ನುವುದಿಲ್ಲ. ಅವನನ್ನು ಸೃಷ್ಟಿಸಿದ ರಾಜರತ್ನಂ ಅವರಾದರೋ ಹೆಂಡ ಮುಟ್ಟಿದವರಲ್ಲ. ಮಕ್ಕಳಿಗಾಗಿ ತುತ್ತೂರಿಯ ಪದ್ಯ ಬರೆದ ಮೇಷ್ಟರು, ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ತಂದ ವಿದ್ವಾಂಸರು. ಅಂಥವರು ಕುಡುಕನೊಬ್ಬನ ಬಾಯಿಂದ ಮಾತಾಡಿಸಿದ್ದು ಕುಡಿತವನ್ನು ಹೊಗಳಲೂ ಅಲ್ಲ, ಹಳ್ಳಿಯ ಮಾತನ್ನು ಹಾಸ್ಯಮಾಡಲೂ ಅಲ್ಲ. ಮುಚ್ಚುಮರೆಯಿಲ್ಲದೆ ಮಾತಾಡಬಲ್ಲ ಒಬ್ಬ ಮನುಷ್ಯ ಅವರಿಗೆ ಬೇಕಾಗಿದ್ದ ಎಂದು ನನ್ನ ತಿಳಿವಳಿಕೆ.

ನಾವು ರಾಜ್ಯೋತ್ಸವದಲ್ಲಿ ಹಾಡುವ ಪದವನ್ನೇ ನೋಡಿ. ದೇವರು ಪ್ರತ್ಯಕ್ಷನಾಗಿ ರತ್ನನನ್ನು ಪರೀಕ್ಷಿಸಿದರೆ ಏನಾದೀತು ಎಂಬುದು ಅದರ ವಸ್ತು. ಹೆಂಡ ಬಿಡು ಎಂದರೆ ರತ್ನ ಬಿಡುತ್ತಾನೆ. ಹೆಂಡತಿಯನ್ನು ಬಿಡು ಎಂದರೂ ಎದುರಾಡುವುದಿಲ್ಲ; ಬೇರೆ ಪದಗಳಲ್ಲಿ ನಂಜಿಯ ಮೇಲೆ ಪ್ರಾಣವಿಟ್ಟುಕೊಂಡವನು ಇವನೇ ಎಂಬುದನ್ನು ನೆನೆದರೆ ಇದು ಸಣ್ಣ ಮಾತಲ್ಲ. ಆದರೆ ಕನ್ನಡ ಪದ ಹಾಡುವುದನ್ನು ನಿಲ್ಲಿಸು ಎಂದ ಕೂಡಲೆ ಅವನು ದೇವರಿಗೇ ತಿರುಗಿಬೀಳುತ್ತಾನೆ. ನರಕಕ್ಕೆ ತಳ್ಳಿದರೂ, ನಾಲಿಗೆ ಸೀಳಿದರೂ, ಬಾಯಿ ಹೊಲಿದರೂ ಬಿಡೆನೆನ್ನುತ್ತಾನೆ. ಈ ಪದದಲ್ಲಿ ಹೆಂಡವೆಂಬುದು ಒಂದು ಅಳತೆಗೋಲು. ಕುಡುಕನಿಗೆ ಹೆಂಡ ಬಿಡುವುದು ಎಷ್ಟು ಕಷ್ಟವೆಂಬುದನ್ನು ಬಲ್ಲೆವಾದ್ದರಿಂದಲೇ ಕನ್ನಡದ ತೂಕ ನಮಗೆ ತಿಳಿಯುತ್ತದೆ. ಮೊದಲು ಬಿಟ್ಟುಹೋಗುವುದು ಸೀಸೆ; ಕೊನೆಯವರೆಗೂ ಉಳಿಯುವುದು ಭಾಷೆ.

ವೇದಿಕೆಯಲ್ಲಿ ತೂರಾಡುವವರು ತಪ್ಪುವುದು ಇಲ್ಲಿಯೇ. ಮೊದಲಿನಿಂದ ಕೊನೆಯವರೆಗೆ ಕೈಯಲ್ಲಿ ಸೀಸೆ ಹಿಡಿದೇ ಹಾಡಿದರೆ ರತ್ನ ಅದನ್ನು ಬಿಟ್ಟದ್ದು ಯಾವಾಗ? ಸಭೆಗೆ ಕಾಣುವುದು ಕುಡುಕ ಮಾತ್ರ, ಅವನ ಹಟ ಕಾಣುವುದಿಲ್ಲ. ಕೊನೆಯ ನುಡಿಗಳಿಗೆ ಬರುವ ಹೊತ್ತಿಗೆ ಚಪ್ಪಾಳೆಯಲ್ಲಿ ಮಾತೇ ಕೇಳಿಸದು.

ಹಡಗಿನ ಮೆಟ್ಟಿಲಿನ ಮೇಲೆ ನನಗೆ ಹೊಳೆದದ್ದು ಇಷ್ಟೆ: ರತ್ನನ ಲೆಕ್ಕವನ್ನು ನಾವು ತಲೆಕೆಳಗು ಮಾಡಿದ್ದೇವೆ. ನಮ್ಮನ್ನು ಯಾವ ದೇವರೂ ಪರೀಕ್ಷಿಸಲಿಲ್ಲ, ಯಾರೂ ಬಾಯಿ ಹೊಲಿಯಲಿಲ್ಲ. ಶಾಲೆಯಲ್ಲಿ ಅನುಕೂಲವಾಗಲಿ, ನೆರೆಯವರಿಗೆ ಅರ್ಥವಾಗಲಿ ಎಂದು ಕನ್ನಡವನ್ನು ನಾವೇ ಮೆಲ್ಲಗೆ ಕೆಳಗಿಟ್ಟೆವು. ಸೀಸೆಗಾದರೋ ಇಷ್ಟೆಲ್ಲ ಉಪಾಯ ಹೂಡಿದೆವು. ಆ ಹುಡುಗ ಕೇಳಿದ ಪ್ರಶ್ನೆ ನ್ಯಾಯವಾದದ್ದು. ಅದು ಹಿಂದಿಯಲ್ಲಿ ಬಂದದ್ದು ಅವನ ತಪ್ಪಲ್ಲ. ನನ್ನ ಮಗಳೂ ನನಗೆ ಹಿಂದಿಯಲ್ಲಿಯೇ ಉತ್ತರ ಕೊಡುತ್ತಾಳೆ.

ಕುಡಿಯುವವರನ್ನು ಹಳಿಯಲು ಇದನ್ನು ಬರೆಯಲಿಲ್ಲ. ಮಿತ್ರರು ಈ ಬರಹವನ್ನು ಓದಿ, ಅಚ್ಚಿಗೆ ಕೊಡಿ ಎಂದ ಮೇಲೆಯೇ ಕಳುಹಿಸಿದ್ದೇನೆ. ಕಾರ್ಯಕ್ರಮ ನಡೆಸುವವರಲ್ಲಿ ನನ್ನದೊಂದು ಬಿನ್ನಹವಿದೆ. ಮುಂದಿನ ನವೆಂಬರಿನಲ್ಲಿ ರತ್ನನನ್ನು ಸೀಸೆಯಿಲ್ಲದೆ ಹಾಡಿಸಿ. ಹಾಡುವ ಮುನ್ನ ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಪದದ ಅರ್ಥವನ್ನು ಅವರಿಗೆ ಯಾರಾದರೂ ಹೇಳಲಿ. ಬೇರೆ ಯಾರೂ ಸಿಗದಿದ್ದರೆ ನಾನು ಹೇಳುತ್ತೇನೆ.