‘ಚಿರಸ್ಮರಣೆ’ಯೂ ಎಡಪಂಥವೆಂಬ ಹೆಸರೂ

1955ರಲ್ಲಿ ಪ್ರಕಟವಾದ ನಿರಂಜನರ ‘ಚಿರಸ್ಮರಣೆ’ಗೆ ಎಡಪಂಥದ ಕಾದಂಬರಿಯೆಂಬ ಹೆಸರು ಅಂಟಿಕೊಂಡಿದೆ. ಇದು ಯಾವ ಅಳತೆಯಿಂದ ಬಂದಿತೆಂಬುದು ವಿಚಾರಾರ್ಹ. ಕಾಸರಗೋಡು ಸೀಮೆಯ ಕಯ್ಯೂರಿನಲ್ಲಿ 1941ರಲ್ಲಿ ಪೋಲೀಸಿನವನೊಬ್ಬನು ಹೊಳೆಯಲ್ಲಿ ಮಡಿದನು. 1943ರ ಮಾರ್ಚ್ ತಿಂಗಳಲ್ಲಿ ನಾಲ್ವರಿಗೆ ಗಲ್ಲಾಯಿತು. ಶಿವಮೊಗ್ಗ ಜಿಲ್ಲೆಯ ಈಸೂರಿನಲ್ಲಿ 1942ರಲ್ಲಿ ಅಮಲ್ದಾರನೂ ಸಬ್ ಇನ್‌ಸ್ಪೆಕ್ಟರನೂ ಹತರಾದರು. ಅದೇ ಮಾರ್ಚ್ ತಿಂಗಳಲ್ಲಿಯೇ ಐವರನ್ನು ಗಲ್ಲಿಗೇರಿಸಲಾಯಿತು. ಈಸೂರಿನದನ್ನು ದೇಶಭಕ್ತಿಯೆಂದೂ ಕಯ್ಯೂರಿನದನ್ನು ಪಕ್ಷಕಾರ್ಯವೆಂದೂ ಬಗೆಯುವುದು ಎರಡು ತಕ್ಕಡಿಯ ತೂಕವಾದೀತು. ಕಯ್ಯೂರಿನ ರೈತಸಂಘದ ಹಿಂದೆ ಕಮ್ಯೂನಿಸ್ಟರಿದ್ದುದು ನಿಜ. ಆದರೆ ಆ ರೈತರು ಪರಸರಕಾರದೊಡನೆ ತಮ್ಮೂರ ಜಮೀನುದಾರರನ್ನೂ ಎದುರಿಸಿದುದೇ ಹಲವರಿಗೆ ಸಹಿಸದ ಅಂಶವೆಂದು ತೋರುತ್ತದೆ. ಕಾದಂಬರಿಯಲ್ಲಿ ಉಪದೇಶವು ಕಥೆಯನ್ನು ಹಿಂದಿಕ್ಕುವ ಎಡೆಗಳುಂಟು. ಆ ದೋಷ ಕಲೆಯದು. ಅಪ್ಪು, ಚಿರುಕಂಡರೆಂಬ ಹುಡುಗರು ಮಾಸ್ತರರ ಬಳಿ ಬೆಳೆಯುವ ಭಾಗಗಳಲ್ಲಿ ಅದು ಕಾಣದು.