ತಂಬೂರಿಯ ತಂತಿ ಯಾರ ದನಿಗೆ?

ಸಂಗೀತ ಕಛೇರಿಯ ವಿಮರ್ಶೆಗಳಲ್ಲಿ ರಾಗದ ಮಾತು ಬರುತ್ತದೆ, ತಾಳದ ಮಾತು ಬರುತ್ತದೆ, ಗಾಯಕಿಯಾದರೆ ಸೀರೆಯ ಮಾತೂ ಬಂದೀತು. ಹಿಂದೆ ಕೂತ ತಂಬೂರಿಯ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಎಷ್ಟೋ ವೇದಿಕೆಗಳಲ್ಲಿ ಈಗ ಅದು ಶೋಭೆಗೆ ಮಾತ್ರ. ನಾದ ಬರುವುದು ಪಕ್ಕದ ಶ್ರುತಿಪೆಟ್ಟಿಗೆಯಿಂದಲೋ ಮೊಬೈಲಿನಿಂದಲೋ. ಪೆಟ್ಟಿಗೆಯನ್ನು ನಾನು ಹಳಿಯುವುದಿಲ್ಲ. ಗುಂಡಿ ತಿರುಗಿಸಿದರೆ ಅದು ಯಾವ ಶ್ರುತಿಗಾದರೂ ಬಗ್ಗುತ್ತದೆ. ತಂಬೂರಿ ಹಾಗಲ್ಲ, ಹಾಡುವವರ ದನಿ ತಿಳಿದು ಅದಕ್ಕೆ ತಂತಿ ಹಾಕಬೇಕು.

ಕರ್ನಾಟಕ ಸಂಗೀತದಲ್ಲಿ ಗಂಡಸರಿಗೆ ಸಾಮಾನ್ಯವಾಗಿ ಒಂದು ಮನೆ ಶ್ರುತಿ, ಹೆಂಗಸರಿಗೆ ಐದು, ಐದೂವರೆ. ಒಂದರಿಂದ ಐದಕ್ಕೆ ಷಡ್ಜದಿಂದ ಪಂಚಮಕ್ಕಿರುವಷ್ಟು ದೂರ. ಒಂದು ಮನೆಗೆ ಹಾಕಿದ ತಂತಿಯನ್ನೇ ಐದಕ್ಕೆ ಏರಿಸಿದರೆ ಅದರ ಎಳೆತ ಎರಡೂಕಾಲು ಪಟ್ಟಾಗುತ್ತದೆ. ತಂತಿ ಹರಿದೀತು, ಹರಿಯದಿದ್ದರೆ ನಾದ ಬಿಗಿದು ಕಿರುಚೀತು. ಐದರ ಸಣ್ಣ ತಂತಿಯನ್ನು ಒಂದಕ್ಕೆ ಇಳಿಸಿದರೆ ಒದ್ದೆ ಬಟ್ಟೆ ಹರವಿದ ಹಗ್ಗದಂತೆ ಜೋಲುತ್ತದೆ. ಆಗ ಕುದುರೆಯ ಮೇಲಿನ ದಾರದ ಎಳೆಯನ್ನು ಎಷ್ಟು ಸರಿಸಿದರೂ ಝೇಂಕಾರ ಹುಟ್ಟದು. ಕೆಳಗಿನ ಶ್ರುತಿಗೆ ದಪ್ಪ ತಂತಿಯೇ ಆಗಬೇಕು. ಮಧ್ಯದ ಎರಡು ಷಡ್ಜಗಳಿಗೆ ಉಕ್ಕಿನದು, ಕೊನೆಯ ಮಂದ್ರ ಷಡ್ಜಕ್ಕೆ ಹಿತ್ತಾಳೆಯದು. ದನಿ ಇನ್ನೂ ಕೆಳಗಿದ್ದರೆ ಮೊದಲ ಪಂಚಮಕ್ಕೂ ಹಿತ್ತಾಳೆ ಹಾಕುವುದುಂಟು. ಅಂಗಡಿಯಲ್ಲಿ ಸುಮ್ಮನೆ 'ಹೆಂಗಸರ ತಂಬೂರಿ ಕೊಡಿ' ಎಂದರೆ ಇದ್ಯಾವುದೂ ತೀರ್ಮಾನವಾಗುವುದಿಲ್ಲ. ಯಾವ ಹೆಂಗಸು?

ಹಿಂದೂಸ್ತಾನಿಯಲ್ಲೂ ಲೆಕ್ಕ ಇದೇ. ಗಂಗೂಬಾಯಿ ಹಾನಗಲ್ಲರನ್ನು (1913–2009) ಕೇಳಿ ನೋಡಿ. 1930ರ ದಶಕದ ಗ್ರಾಮಾಫೋನ್ ತಟ್ಟೆಗಳಲ್ಲಿ ಅವರದು ತೆಳುವಾದ, ಎತ್ತರದ ದನಿ. ಮುಂದೆ ಗಂಟಲಿನ ತೊಂದರೆ, ಚಿಕಿತ್ಸೆ ಎಲ್ಲ ಆದ ಮೇಲೆ ದನಿ ಇಳಿದು ಗಡುಸಾಯಿತು, ಅರಿಯದವರು ಗಂಡಸೇ ಹಾಡುತ್ತಿದ್ದಾನೆ ಎಂದುಕೊಳ್ಳುವಷ್ಟು. ಅವರು ಆ ದನಿಯನ್ನು ಹಿಂಡಿ ಮೇಲಕ್ಕೆಳೆಯಲಿಲ್ಲ; ತಂಬೂರಿಯೇ ಅವರಿದ್ದಲ್ಲಿಗೆ ಇಳಿದು ಬಂತು. ಆಮೇಲಿನ ಧ್ವನಿಮುದ್ರಣಗಳಲ್ಲಿ ಅವರ ಷಡ್ಜ ತಂಬೂರಿಯ ನಾದದಲ್ಲಿ ಕೂತುಬಿಡುತ್ತದೆ, ಎಲ್ಲಿ ನಾದ ಮುಗಿಯಿತು ಎಲ್ಲಿ ಕಂಠ ಶುರುವಾಯಿತು ಹೇಳಲಾಗದು. ಕಿರಾಣಾ ಘರಾಣೆಯ ಆ ನಿಧಾನದ ಸ್ವರವಿಸ್ತಾರಕ್ಕೆ ಇಂಥ ಆಸರೆ ಇಲ್ಲದಿದ್ದರೆ ಬರಿಯ ಕಾಲಹರಣವಾಗುತ್ತಿತ್ತು ಎಂದು ನನ್ನ ಎಣಿಕೆ.

ಇಷ್ಟೆಲ್ಲ ಹೇಳಲು ಕಾರಣವಿದೆ. ಈಚೆಗೆ ಮಕ್ಕಳ ಸ್ಪರ್ಧೆಯೊಂದರಲ್ಲಿ ಪೆಟ್ಟಿಗೆಯನ್ನು ಐದೂವರೆಗೆ ಇಟ್ಟು ಎಲ್ಲ ಹುಡುಗಿಯರನ್ನೂ ಅದಕ್ಕೇ ಹಾಡಿಸಿದರು. ಒಂಬತ್ತನೇ ತರಗತಿಯವಳೊಬ್ಬಳು ತಾರಸ್ಥಾಯಿಯಲ್ಲಿ ನಿಂತೇ ಹೋದಳು. 'ಗಂಡು ದನಿ' ಎಂದು ಅಂಕ ಕಳೆದರು. ಶ್ರುತಿಯ ಗುಂಡಿ ತೀರ್ಪುಗಾರರ ಕೈಗೆಟುಕುವ ದೂರದಲ್ಲೇ ಇತ್ತು.