ಎರಡು ತಲೆಗಳ ಕಥೆ: ಕುಮಾರರಾಮನೂ ಆಟದ ರಾಜಕುಮಾರನೂ

ರಾಜಕುಮಾರನೊಬ್ಬನನ್ನು ವೀರನೆಂದು ಕೊಂಡಾಡುವಾಗ ಜನ ಅವನಲ್ಲಿ ಮೆಚ್ಚುವುದು ಯಾವುದನ್ನು? ತೋಳಿನ ಬಲವನ್ನೆ, ಮನಸ್ಸಿನ ನಿಗ್ರಹವನ್ನೆ, ಅಥವಾ ಸತ್ತನೆಂದುಕೊಂಡವನು ಎದ್ದುಬಂದ ಪವಾಡವನ್ನೆ? ಕುಮಾರರಾಮನ ಕಥೆಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದಕ್ಕೆ ಒರೆಗಲ್ಲಾಗಿ ನಾವು ಹಳೆಯ ಕಾವ್ಯವೊಂದನ್ನು ಆರಿಸಿಕೊಂಡಿಲ್ಲ. ಇಂದಿನ ತರುಣರು ಕೈಯಲ್ಲಿ ಹಿಡಿದು ಆಡುವ ವಿಡಿಯೋ ಆಟಗಳ ಒಬ್ಬ ಪ್ರಸಿದ್ಧ ರಾಜಕುಮಾರನನ್ನು ಆರಿಸಿಕೊಂಡಿದ್ದೇವೆ. ಕೆಲವರಿಗೆ ಇದು ವಿಲಕ್ಷಣವೆಂದು ತೋರಬಹುದು. ಆ ಆಕ್ಷೇಪಕ್ಕೆ ಮುಂದೆ ಸಮಾಧಾನ ಹೇಳುವೆವು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ—ಈ ಐದು ತಾಲ್ಲೂಕುಗಳು 2021ರಲ್ಲಿ ಹೊಸಪೇಟೆಯೊಡನೆ ಸೇರಿ ವಿಜಯನಗರ ಜಿಲ್ಲೆಯಾದುವು. ಗುಡೇಕೋಟೆ, ಜರಿಮಲೆ, ಹರಪನಹಳ್ಳಿಗಳಲ್ಲಿ ಪಾಳೆಯಗಾರರು ಆಳಿದ ನಾಡಿದು; ಉಚ್ಚಂಗಿದುರ್ಗವಂತೂ ಅದಕ್ಕೂ ಪೂರ್ವದಿಂದ ಹೆಸರಾದ ಕೋಟೆ. ಕೂಡ್ಲಿಗಿಯ ಗಡಿಗೆ ತಾಗಿದ ಸಂಡೂರು ತಾಲ್ಲೂಕಿನಲ್ಲಿ ಹೊಸಮಲೆದುರ್ಗವಿದೆ. ಜನರ ಬಾಯಲ್ಲಿ ಅದು ರಾಮಗಡ. ದಕ್ಷಿಣದಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗರಾಮೇಶ್ವರ ಬೆಟ್ಟವಿದೆ. ರಾಮನ ಹುಟ್ಟನ್ನು ಕಥೆ ಈ ದೇವರ ಅನುಗ್ರಹದೊಡನೆ ಜೋಡಿಸುತ್ತದೆ. ಉತ್ತರದಲ್ಲಿ ತುಂಗಭದ್ರೆಯನ್ನು ದಾಟಿದರೆ ಗಂಗಾವತಿಯ ಕಡೆಯ ಕುಮ್ಮಟದುರ್ಗ. ಹೀಗೆ ಈ ಸೀಮೆ ಕಥೆಯ ಮಗ್ಗುಲಿನಲ್ಲಿಯೇ ಮಲಗಿದೆ. ದೊಡ್ಡ ರಾಜ್ಯಗಳ ನಡುವೆ ಸಿಕ್ಕಿಕೊಂಡ ಚಿಕ್ಕ ಕೋಟೆಯ ಸಂಕಟವೇನೆಂಬುದನ್ನು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಇತಿಹಾಸದ ಆಧಾರವನ್ನು ಸಂಕ್ಷೇಪವಾಗಿ ನೋಡೋಣ. ಮುಮ್ಮಡಿ ಸಿಂಗೆಯ ನಾಯಕನ ಮಗನಾದ ವೀರ ಕಂಪಿಲದೇವನು ಶಿವಾಲಯವನ್ನು ಕಟ್ಟಿಸಿದನೆಂದು ಹಂಪೆಯ ಹೇಮಕೂಟದ ಶಾಸನ ಹೇಳುತ್ತದೆ. ದಿಲ್ಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದ ಸಾಗರದ ಅಧಿಕಾರಿ ಬಹಾವುದ್ದೀನ್ ಗುರ್ಶಾಸ್ಪನು ಸೋತು ಓಡಿಬಂದಾಗ ಕಂಪಿಲನು ಅವನಿಗೆ ಆಶ್ರಯವಿತ್ತನು. ಅದರ ಫಲವಾಗಿ 1327ರ ಸುಮಾರಿಗೆ ಕಂಪಿಲಿಯ ರಾಜ್ಯ ಅಳಿಯಿತು. ಶರಣು ಬಂದವನನ್ನು ಒಪ್ಪಿಸದೆ, ಅವನನ್ನು ನೆರೆಯ ದೊರೆಯಲ್ಲಿಗೆ ಸಾಗಿಸಿ, ಅಂತಃಪುರದ ಸ್ತ್ರೀಯರು ಅಗ್ನಿಪ್ರವೇಶ ಮಾಡಿದ ಮೇಲೆ ಕಂಪಿಲನು ಹೋರಾಡಿ ಮಡಿದನೆಂದು ಇಬ್ನ್ ಬತೂತನು ತನ್ನ ಪ್ರವಾಸಕಥನದಲ್ಲಿ ಬರೆದಿದ್ದಾನೆ. ಆ ಕಥನದಲ್ಲಿ ಕುಮಾರರಾಮನ ಹೆಸರಿಲ್ಲ. ಆ ಹೆಸರನ್ನು ಬೆಳಗಿದವರು ಕನ್ನಡದ ಕವಿಗಳು ಮತ್ತು ಹಾಡುಗಾರರು. 16ನೆಯ ಶತಮಾನದ ನಂಜುಂಡನ ‘ರಾಮನಾಥ ಚರಿತೆ’ ಇವುಗಳಲ್ಲಿ ಪ್ರಸಿದ್ಧವಾದುದು. ಅನಂತರ ಪಾಂಚಾಳಗಂಗ ಮೊದಲಾದವರೂ ಇದೇ ಕಥೆಯನ್ನು ಸಾಂಗತ್ಯದಲ್ಲಿ ಹಾಡಿದರು.

ಪಾಠದಿಂದ ಪಾಠಕ್ಕೆ ವಿವರಭೇದಗಳುಂಟು. ಬಹುಮಟ್ಟಿಗೆ ಸಾಮಾನ್ಯವಾದ ನಡೆ ಇಷ್ಟು. ರಾಮನು ಗೆಳೆಯರೊಡನೆ ಚೆಂಡಾಡುತ್ತಿರುವಾಗ ಚೆಂಡು ಮಲತಾಯಿ ರತ್ನಾಜಿಯ ಅರಮನೆಯೊಳಗೆ ಬೀಳುತ್ತದೆ. ಅದನ್ನು ತರಹೋದ ರಾಮನನ್ನು ಅವಳು ಮೋಹಿಸುತ್ತಾಳೆ. ಅವನು ನಿರಾಕರಿಸುತ್ತಾನೆ. ಅವಳು ಗಂಡನ ಮುಂದೆ ರಾಮನ ಮೇಲೆಯೇ ತಪ್ಪು ಹೊರಿಸುತ್ತಾಳೆ. ಕಂಪಿಲನು ವಿಚಾರಣೆಯಿಲ್ಲದೆ ಮಗನ ತಲೆ ಕಡಿಯಬೇಕೆಂದು ಆಜ್ಞಾಪಿಸುತ್ತಾನೆ. ಮಂತ್ರಿ ಬೈಚಪ್ಪನು ರಾಮನನ್ನು ನೆಲಮಾಳಿಗೆಯಲ್ಲಿ ಅಡಗಿಸಿ, ಬೇರೊಬ್ಬನ ತಲೆಯನ್ನು ತಂದು ದೊರೆಗೆ ತೋರಿಸುತ್ತಾನೆ. ರಾಮನಿಲ್ಲವೆಂದು ತಿಳಿದು ದಿಲ್ಲಿಯ ಸೇನೆ ಏರಿಬಂದಾಗ ಅವನು ನೆಲದೊಳಗಿನಿಂದ ಎದ್ದುಬಂದು ಕೋಟೆಯನ್ನುಳಿಸುತ್ತಾನೆ. ರತ್ನಾಜಿ ಪ್ರಾಣ ಬಿಡುತ್ತಾಳೆ. ಕಡೆಗೆ ಮಾತಂಗಿಯೆಂಬ ಹೆಣ್ಣಿನ ನಾಯಕತ್ವದಲ್ಲಿ ಮತ್ತೆ ಬಂದ ಸೇನೆಯೊಡನೆ ಕಾದಾಡಿ ರಾಮನು ಮಡಿಯುತ್ತಾನೆ. ಅವನ ತಲೆಯನ್ನು ದಿಲ್ಲಿಗೆ ಒಯ್ಯುತ್ತಾರೆ.

ಇನ್ನು ಆಟದ ರಾಜಕುಮಾರ. ಜೋರ್ಡನ್ ಮೆಕ್ನರ್ ಎಂಬ ಅಮೆರಿಕದ ತರುಣನು ರಚಿಸಿ 1989ರಲ್ಲಿ ಹೊರಬಂದ ‘ಪ್ರಿನ್ಸ್ ಆಫ್ ಪರ್ಷಿಯಾ’ ಎಂಬ ಆಟ ಅನೇಕ ಉತ್ತರಕೃತಿಗಳಿಗೆ ಮೂಲವಾಯಿತು. ಸುಲ್ತಾನನು ಯುದ್ಧಕ್ಕೆ ಹೋಗಿರುವಾಗ ಅವನ ವಜೀರ ಜಾಫರನು ಅಧಿಕಾರವನ್ನು ಕಸಿದು, ತನ್ನನ್ನು ವರಿಸು, ಇಲ್ಲವೆ ಸಾಯು ಎಂದು ರಾಜಕುಮಾರಿಗೆ ಒಂದು ಗಂಟೆಯ ಗಡುವು ಕೊಡುತ್ತಾನೆ. ನಾಯಕನಿಗೆ ಹೆಸರಿಲ್ಲ. ಕತ್ತಿಯೂ ಇಲ್ಲದೆ ಅವನು ನೆಲಮಾಳಿಗೆಯ ಸೆರೆಯಿಂದ ಹೊರಟು, ಅರುವತ್ತು ನಿಮಿಷದೊಳಗೆ ಅವಳನ್ನು ಮುಟ್ಟಬೇಕು. ದಾರಿಯಲ್ಲಿ ಮುಳ್ಳುಗಳುಂಟು, ಪ್ರಪಾತಗಳುಂಟು, ಕಾವಲುಗಾರರುಂಟು. ಸತ್ತರೆ ಆ ಘಟ್ಟವನ್ನು ಮೊದಲಿನಿಂದ ಆಡಬಹುದು. ಗಡಿಯಾರ ಮಾತ್ರ ಹಿಂದಕ್ಕೆ ಹೋಗದು. 2003ರ ‘ದಿ ಸ್ಯಾಂಡ್ಸ್ ಆಫ್ ಟೈಮ್’ ಎಂಬ ಆಟದಲ್ಲಿ ಈ ಕಟ್ಟಳೆಯೂ ಸಡಿಲವಾಯಿತು: ಅಲ್ಲಿಯ ರಾಜಕುಮಾರನು ಮಾಯೆಯ ಕಠಾರಿಯೊಂದರಿಂದ ಕಾಲವನ್ನೇ ಕೊಂಚ ಹಿಂದಕ್ಕೆ ತಿರುಗಿಸಿ ತನ್ನ ಸಾವನ್ನು ಅಳಿಸಬಲ್ಲನು.

ಮೊದಲ ಆಟದಲ್ಲಿ ನಮ್ಮ ವಿಚಾರಕ್ಕೆ ಬೇಕಾದ ಸನ್ನಿವೇಶವೊಂದಿದೆ. ರಾಜಕುಮಾರನು ಒಂದು ಕನ್ನಡಿಯನ್ನು ಹಾದು ನೆಗೆಯುತ್ತಾನೆ. ಅದರೊಳಗಿನಿಂದ ಅವನ ನೆರಳು ಬೇರೆಯಾಗಿ ಹೊರಬೀಳುತ್ತದೆ. ಅದು ಅವನ ಮದ್ದನ್ನು ಕುಡಿಯುತ್ತದೆ, ದಾರಿಗೆ ಅಡ್ಡಬರುತ್ತದೆ, ಕಡೆಗೆ ಕತ್ತಿ ಹಿರಿದು ಎದುರು ನಿಲ್ಲುತ್ತದೆ. ಅದಕ್ಕೆ ಹೊಡೆದ ಪೆಟ್ಟು ಇವನಿಗೇ ತಾಗುತ್ತದೆ. ಗೆಲ್ಲುವ ಉಪಾಯ ಒಂದೇ: ಕತ್ತಿಯನ್ನು ಒರೆಗೆ ಸೇರಿಸುವುದು. ಆಗ ನೆರಳು ಇವನಲ್ಲಿ ಲೀನವಾಗುತ್ತದೆ. ಹೊಡೆದಾಟವೇ ಜೀವಾಳವಾದ ಕೃತಿಯಲ್ಲಿ ಹೊಡೆಯದಿರುವುದು ಪರಮಸಾಹಸವಾಗಿರುವುದನ್ನು ಸಹೃದಯರು ಗಮನಿಸಬೇಕು.

ಈಗ ಆಕ್ಷೇಪದ ಮಾತು. ಕಾಲಹರಣದ ಆಟವೆಲ್ಲಿ, ಶತಮಾನಗಳಿಂದ ಹಾಡಿಕೊಂಡು ಬಂದ ಕಥೆಯೆಲ್ಲಿ ಎಂದು ಕೇಳಬಹುದು. ಆದರೆ ಸಾಂಗತ್ಯವೂ ಜನ ಕಲೆತು ಕೇಳಿ ನಲಿಯುವುದಕ್ಕಾಗಿ ಹುಟ್ಟಿದ್ದೇ. ಎರಡೂ ಕಡೆ ನೆಲಮಾಳಿಗೆಯುಂಟು, ಎರಡೂ ಕಡೆ ನಾಯಕನಿಗೊಬ್ಬ ಪ್ರತಿರೂಪನುಂಟು, ಎರಡೂ ಕಡೆ ಮರುಜೀವವುಂಟು. ವಸ್ತು ಇಷ್ಟು ಸಮೀಪವಾಗಿರುವಾಗ ಭೇದವೆಲ್ಲಿ ಎಂಬುದನ್ನು ತಿಳಿಯುವುದು ವಿಮರ್ಶೆಯ ಕರ್ತವ್ಯ.

ನಮ್ಮ ಅಭಿಪ್ರಾಯದಲ್ಲಿ ಭೇದವಿರುವುದು ಮರುಜೀವದ ಬೆಲೆಯಲ್ಲಿ. ಮೊದಲ ಆಟದ ರಾಜಕುಮಾರನು ಎಷ್ಟು ಸಲ ಸತ್ತೆದ್ದರೂ ಅದಕ್ಕೆ ತೆರುವುದು ಕೆಲವು ನಿಮಿಷಗಳನ್ನು. ಎರಡನೆಯ ಆಟದವನು ತೆರುವುದು ಒಂದಿಷ್ಟು ಮಾಯೆಯ ಮರಳನ್ನು. ಅವನ ಪ್ರತಿರೂಪನೂ ಅವನೇ. ಆದಕಾರಣ ಆ ಸಮಸ್ಯೆ ಅವನೊಳಗೇ ಪರಿಹಾರವಾಗುತ್ತದೆ. ರಾಮನ ಪ್ರತಿರೂಪನಾದರೋ ಬೇರೊಬ್ಬ ಮನುಷ್ಯ. ದೊರೆಯ ಮುಂದೆ ಹರಿವಾಣದಲ್ಲಿ ಬಂದ ಆ ತಲೆಗೂ ಒಂದು ಮನೆಯಿದ್ದಿರಬೇಕು, ಒಬ್ಬ ತಾಯಿಯಿದ್ದಿರಬೇಕು. ರಾಮನ ತಾಯಿ ಹರಿಯಲದೇವಿಯ ದುಃಖಕ್ಕೆ ಕಥೆ ಕಿವಿಗೊಡುತ್ತದೆ. ಆ ಇನ್ನೊಬ್ಬ ತಾಯಿಯ ದುಃಖಕ್ಕೆ ಎಡೆಯಿಲ್ಲ. ಬೈಚಪ್ಪನನ್ನು ಸ್ವಾಮಿಭಕ್ತನೆಂದೂ ಬುದ್ಧಿಶಾಲಿಯೆಂದೂ ನಾವು ಹೊಗಳುತ್ತೇವೆ. ಹೊಗಳಿಕೆ ಸಲ್ಲುವುದೇ, ಆದರೆ ಅವನ ಜಾಣ್ಮೆಯ ಅಡಿಯಲ್ಲಿ ಒಂದು ರುಂಡವಿದೆಯೆಂಬುದನ್ನು ಮರೆಯಲಾಗದು.

ಈ ದೃಷ್ಟಿಯಿಂದ ನೋಡಿದರೆ ಕಥೆಯ ಕೊನೆಗೆ ಒಂದು ಹೊಸ ಅರ್ಥ ಬರುತ್ತದೆ. ಮೊದಲು ತಂದೆಯ ಮುಂದೆ ಬಂದುದು ರಾಮನದಲ್ಲದ ತಲೆ; ಕಡೆಗೆ ದಿಲ್ಲಿಗೆ ಹೋದುದು ರಾಮನದೇ ತಲೆ. ಒಂದು ಸಾಲ, ಇನ್ನೊಂದು ತೀರಿಕೆ. ಎರಡನೆಯ ಸಲ ಬದಲಿ ತಲೆಯಿಲ್ಲ, ನೆಲಮಾಳಿಗೆಯಿಲ್ಲ, ಬೈಚಪ್ಪನ ಉಪಾಯವೂ ನಡೆಯುವುದಿಲ್ಲ. ಎರವಾಗಿ ಪಡೆದ ಜೀವವನ್ನು ರಾಮನು ನಾಡಿಗಾಗಿ ವೆಚ್ಚಮಾಡಿ ಋಣಮುಕ್ತನಾಗುತ್ತಾನೆ. ಕವಿಗಳು ಇದನ್ನು ಬಾಯಿಬಿಟ್ಟು ಹೇಳಿದ್ದಾರೆಂದು ನಮ್ಮ ವಾದವಲ್ಲ. ಕಥೆಯ ಕಟ್ಟೇ ಹೀಗೆ ನುಡಿಯುತ್ತದೆ. ಮಲೆನಾಡಿನ ಹಲವು ಹಳ್ಳಿಗಳಲ್ಲಿ ರಾಮನ ಮರದ ತಲೆಗೆ ಪೂಜೆ ಸಲ್ಲುವ ವಾಡಿಕೆಯುಂಟು. ಕತ್ತಿ ಹಿಡಿದ ತೋಳನ್ನಲ್ಲ, ಕೊಟ್ಟ ತಲೆಯನ್ನು ಜನ ಪೂಜೆಗೆ ಆರಿಸಿಕೊಂಡರೆಂಬುದು ಅರ್ಥವತ್ತಾಗಿದೆ.

ಇತಿಹಾಸವನ್ನು ಪಕ್ಕದಲ್ಲಿಟ್ಟರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಕಂಪಿಲನ ಹನ್ನೊಂದು ಮಂದಿ ಮಕ್ಕಳು ಸೆರೆಸಿಕ್ಕು, ಮತಾಂತರಗೊಂಡು, ಸುಲ್ತಾನನಿಂದ ಅಮೀರರ ಪದವಿಯನ್ನು ಪಡೆದರೆಂದೂ, ಅವರಲ್ಲಿ ಮೂವರನ್ನು ತಾನೇ ಕಂಡೆನೆಂದೂ ಇಬ್ನ್ ಬತೂತನು ಹೇಳುತ್ತಾನೆ. ಅವರದೂ ಒಂದು ಮರುಜೀವವೇ. ಅದಕ್ಕೆ ತೆತ್ತ ಬೆಲೆ ಹುಟ್ಟಿದ ಹೆಸರು, ಹುಟ್ಟಿದ ನೆಲ. ಸೋತ ಮನೆಯ ಮಕ್ಕಳು ಬದುಕಿಕೊಂಡುದನ್ನು ನಾವು ಹಳಿಯಲಾರೆವು. ಆದರೆ ಹಾಡಿದವರಿಗೆ ಬೇರೊಂದು ಬೇಕಾಗಿತ್ತು. ಇತಿಹಾಸದಲ್ಲಿ ಹನ್ನೊಂದು ಮಂದಿ ಜೀವಸಹಿತ ಹೋದರು. ಕಾವ್ಯದಲ್ಲಿ ಒಬ್ಬನ ತಲೆ ಮಾತ್ರ ಹೋಯಿತು. ಅಳಿದ ರಾಜ್ಯದ ಮಾನವನ್ನು ಜನ ಆ ಒಂದು ತಲೆಯಲ್ಲಿ ಉಳಿಸಿಕೊಂಡರು.

ಕಥೆಯ ಕೊರತೆಯನ್ನೂ ಹೇಳದೆ ಬಿಡುವುದು ನ್ಯಾಯವಲ್ಲ. ರಾಮನ ಎರಡು ಸಾವುಗಳಿಗೂ—ಸುಳ್ಳು ಸಾವಿಗೂ ನಿಜದ ಸಾವಿಗೂ—ಹೆಣ್ಣೊಬ್ಬಳನ್ನು ನಿಮಿತ್ತಮಾಡಲಾಗಿದೆ. ರತ್ನಾಜಿ ಪ್ರಾಣವನ್ನೇ ತೆತ್ತಳು, ವಿಚಾರಿಸದೆ ಮಗನನ್ನು ಕೊಲ್ಲಹೇಳಿದ ಕಂಪಿಲನಿಗೆ ಪಶ್ಚಾತ್ತಾಪವಷ್ಟೆ. ‘ಪರನಾರೀಸಹೋದರ’ನೆಂಬ ಬಿರುದು ರಾಮನ ನಿಗ್ರಹವನ್ನು ಎತ್ತಿಹಿಡಿಯುತ್ತದೆ, ನಿಜ. ಮಗನ ನಿಗ್ರಹದ ಎದುರಿನಲ್ಲಿ ತಂದೆಯ ದುಡುಕು ಎಷ್ಟು ಕುಬ್ಜವೆಂಬುದನ್ನು ಕಥೆ ಇನ್ನಷ್ಟು ಕಠಿನವಾಗಿ ತೋರಿಸಬಹುದಾಗಿತ್ತು.

ಕುಮಾರರಾಮನನ್ನು ನಾಳೆ ಯಾರಾದರೂ ಆಟವಾಗಿ, ಚಿತ್ರವಾಗಿ, ನಾಟಕವಾಗಿ ಹೊಸದಾಗಿ ಕಟ್ಟಬಹುದು, ಕಟ್ಟಲಿ. ಕುದುರೆ, ಕತ್ತಿ, ಕೋಟೆಗಳನ್ನು ತೋರಿಸುವುದು ಸುಲಭ. ಆದರೆ ರಾಮನಿಗೆ ಬೇಕೆಂದಾಗಲೆಲ್ಲ ಜೀವ ತುಂಬಿದರೆ ಅವನು ಹೆಸರಿಲ್ಲದ ಆ ಪರ್ಷಿಯಾದ ತರುಣನ ಅನುಕರಣವಾದಾನೇ ಹೊರತು ಕುಮ್ಮಟದ ರಾಮನಾಗಲಾರ. ಚೆಂಡು ತರಲು ಹೋದವನು ಕೈ ಕಟ್ಟಿ ನಿರಾಕರಿಸಿದ ಗಳಿಗೆ, ನೆಲಮಾಳಿಗೆಯ ಕತ್ತಲೆ, ಅವನ ಬದಲಿಗೆ ಉರುಳಿದ ಆ ಅಪರಿಚಿತನ ತಲೆ—ಈ ಮೂರನ್ನು ಬಿಡದೆ ಉಳಿಸಿಕೊಂಡ ಕೃತಿ ಯಾವ ಮಾಧ್ಯಮದಲ್ಲಿ ಬಂದರೂ ಕಥೆಗೆ ನ್ಯಾಯ ಸಲ್ಲಿಸಿದಂತಾಗುತ್ತದೆಂದು ನಾವು ಭಾವಿಸುತ್ತೇವೆ.